ಐದನೆಯ ರುಜು

"ತಿರುಗಿಸೋದು ಬೇಡ," ಎಂದ ಹೆಡ್ ಕಾನ್‌ಸ್ಟೇಬಲ್. "ಕತ್ತು ನೋಡುದ್ರಲ್ಲ ಸಾರ್, ಸಾಕು."

ಕೆಲಮಂಗಲದ ರಸ್ತೆಯ ಪಕ್ಕದ ಹುಣಸೆ ತೋಪಿನಲ್ಲಿ ಸೊಣ್ಣಪ್ಪನ ಹೆಣ ಅಂಗಾತ ಬಿದ್ದಿತ್ತು. ಪಂಪಿನ ಮೋಟಾರು ಕದ್ದನೆಂದು ಅವನನ್ನು ಮೂರು ದಿನ ಸ್ಟೇಷನ್ನಿನಲ್ಲಿ ಇಟ್ಟುಕೊಂಡಿದ್ದರು. ನಿನ್ನೆ ಬಿಟ್ಟು ಕಳಿಸಿದೆವು, ಅವಮಾನ ತಾಳದೆ ನೇಣು ಹಾಕಿಕೊಂಡ ಎನ್ನುತ್ತಿದ್ದರು. ಅಂಗಾಲುಗಳ ಮೇಲೆ ಮಾತ್ರ ಗೋಣಿಚೀಲ ಹೊದಿಸಿದ್ದರು.

ದ್ವಾರಕಾನಾಥ ಐವರು ಪಂಚರಲ್ಲಿ ಒಬ್ಬ. ಕನ್ನಡ ಶಾಲೆಯ ಮೇಷ್ಟ್ರ ರುಜು ಬಿದ್ದರೆ ಪಂಚನಾಮೆಗೆ ತೂಕ ಬರುತ್ತದೆಂದು ಪ್ರತಿಸಲವೂ ಅವನನ್ನು ಕರೆಸುತ್ತಿದ್ದರು. ಇದುವರೆಗೆ ನೋಡಿದ ಹೆಣಗಳೆಲ್ಲ ಲಾರಿಗೆ ಸಿಕ್ಕವರು, ಬಾವಿಗೆ ಬಿದ್ದವರು. ಹಾಗೆ ಕರೆಸುವುದು ಒಳಗೊಳಗೆ ಅವನಿಗೆ ಹೆಮ್ಮೆಯೇ ಆಗಿತ್ತು.

"ಒಂದ್ಸಲ ಬೆನ್ನು ನೋಡಿದ್ರೆ..."

"ಸ್ಕೂಲಿಗೆ ಟೈಮ್ ಆಗಲ್ವಾ ಸಾರ್?"

ಆಗುತ್ತಿತ್ತು. ಉಳಿದ ನಾಲ್ವರು ಆಗಲೇ ಹೆಬ್ಬೆಟ್ಟು ಒತ್ತಿ ಬೀಡಿ ಹಚ್ಚಿದ್ದರು. ಗಡಿಯಾಚೆಯ ತಮಿಳು ಸೀಮೆಯಾದ್ದರಿಂದ ಕಾಗದ ತಮಿಳಿನಲ್ಲಿತ್ತು, ಅವನಿಗೆ ಓದಲು ಬರುತ್ತಿತ್ತು. ಮೈಮೇಲೆ ಬೇರೆ ಗಾಯವಿಲ್ಲ ಎಂಬ ಸಾಲನ್ನು ಎರಡು ಸಲ ಓದಿದ. ಅದರ ಕೆಳಗೆ, ಹೇಳಿದಂತೆ, 'ನೋಡಿದ್ದೇನೆ, ಸರಿಯಾಗಿದೆ' ಎಂದು ಕನ್ನಡದಲ್ಲಿ ಬರೆದು ರುಜು ಹಾಕಿದ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮುಗಿಯಿತಲ್ಲ ಎಂದು ಹಗುರವಾಯಿತು.

ಮಧ್ಯಾಹ್ನದ ಬಿಡುವಿನಲ್ಲಿ ಸೊಣ್ಣಪ್ಪನ ಹೆಂಡತಿ ಕನಕಮ್ಮ ಶಾಲೆಗೆ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ನೀರು ಉಯ್ಯುವಾಗ ನೋಡ್ದೆ ಮೇಷ್ಟ್ರೇ. ಬೆನ್ನೆಲ್ಲಾ ಬಾಸುಂಡೆ. ಅಂಗಾಲು ಊದ್ಕಂಡೈತೆ. ಬಿರ್‍ನೆ ಮಣ್ಣು ಮಾಡು ಅಂತ ಪೊಲೀಸ್ನೋರು ನಿಂತವ್ರೆ. ನಾನು ಎಣ ಎತ್ತಕ್ಕೆ ಬಿಟ್ಟಿಲ್ಲ. ಸಬ್ ಕಲೆಕ್ಟ್ರಿಗೆ ಒಂದು ಅರ್ಜಿ ಬರ್ಕೊಡಿ. ಅವ್ರು ಬಂದು ನೋಡ್ಲಿ."

"ನಾನಾ?"

"ನೀವಲ್ದೆ ಇನ್ಯಾರವ್ರೆ? ಯಾರೋ ಐದ್ ಜನ ಗಾಯ ಇಲ್ಲ ಅಂತ ಸೈನ್ ಹಾಕವ್ರಂತೆ. ಅವ್ರು ಬೆನ್ನು ನೋಡೇ ಇಲ್ಲ ಅಂತ ಬರೀರಿ."

"ಯಾರು ಅಂತ ಗೊತ್ತಾ?"

"ಯಾರಾದ್ರೇನು. ಅವ್ರ ಕೈ ಸೇದೋಗ."

ಎಮರ್ಜೆನ್ಸಿ ಮುಗಿದು ಎರಡು ವರ್ಷವಾಗಿದ್ದರೂ ಅರ್ಜಿಗಳ ದಾರಿ ಬದಲಾಗಿರಲಿಲ್ಲ. ಪೊಲೀಸರ ಮೇಲಿನ ಅರ್ಜಿ ವಿಚಾರಣೆಗೆಂದು ಅದೇ ಸ್ಟೇಷನ್ನಿಗೆ ವಾಪಸು ಬರುತ್ತಿತ್ತು. ಹೋದ ವರ್ಷ ಯಾರಿಗೋ ಬರೆದುಕೊಟ್ಟ ಪೋಸ್ಟ್ ಮಾಸ್ಟರನ್ನು ಬನಿಯನ್ನಿನಲ್ಲಿ ದಿನವಿಡೀ ಅಲ್ಲಿ ನಿಲ್ಲಿಸಿದ್ದರು. ಈಗ ಅದೇ ಸ್ಟೇಷನ್ನಿನ ಫೈಲಿನಲ್ಲಿ, ಪಂಚನಾಮೆಯ ಮೇಲೆ, ಅವನ ಕೈಬರಹ ಕೂತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಯಾರೂ ಬಹಳ ಬುದ್ಧಿವಂತರಾಗಬೇಕಿರಲಿಲ್ಲ.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೂಂ ಎನ್ನಲು ಧೈರ್ಯವಿರಲಿಲ್ಲ.

ಕಾಗದ ಹರವಿ, ಪೆನ್ನನ್ನು ಎಡಗೈಗೆ ತೆಗೆದುಕೊಂಡ.

ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಮಕ್ಕಳಿಗೆ ಕಾಪಿ ತಿದ್ದಿಸುವವನು, ಒಂದನೇ ಕ್ಲಾಸಿನ ಹುಡುಗರಿಗಿಂತ ಕೆಟ್ಟದಾಗಿ ಬರೆಯುತ್ತಿದ್ದ. 'ಬಾಸುಂಡೆ' ಎಂಬುದೊಂದೇ ಎರಡು ಸಾಲು ಹಿಡಿಯಿತು. ಐದು ಜನ ಎಂದು ಬರೆಯುವ ಕಡೆ ಪೆನ್ನು ನಿಂತಿತು. ಅವಳು ಕಾದಳು.

ನಾಲ್ಕು ಜನ ಎಂದು ಬರೆದ.

ಕನಕಮ್ಮ ಹೆಬ್ಬೆಟ್ಟು ಒತ್ತಿ, ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಮಸಿ ಆರದ ಸೊಟ್ಟ ಸಾಲುಗಳನ್ನು ಬಹಳ ಹೊತ್ತು ನೋಡಿದಳು.

"ಎಷ್ಟ್ ಮುದ್ದಾಗಿ ಬರ್ದಿದ್ದೀರ ಮೇಷ್ಟ್ರೇ," ಎಂದಳು.