ಬೀಗರ ಕಾರಿನ ಸದ್ದು

ಬೆಳಿಗ್ಗೆ ಆಸ್ಪತ್ರೆಯಿಂದ ಅಳಿಯ ಫೋನ್ ಮಾಡಿದ. "ಅತ್ತೆ, ತಾಯಿ ಮಗು ಇಬ್ಬರನ್ನೂ ಮಧ್ಯಾಹ್ನ ಮನೆಗೆ ಕಳಿಸ್ತಾರಂತೆ. ಅಪ್ಪ ಕಾರು ತರ್ತಾರೆ, ನೀವೂ ಅದರಲ್ಲೇ ಬಂದ್ಬಿಡಿ."

ಬೀದಿಯವರೆಲ್ಲ ದರ್ಜಿಯಮ್ಮ ಎಂದು ಕರೆಯುವ ಆ ಹೆಂಗಸಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರ್ಧ ಹೊಲಿದ ಅಂಗಿಯನ್ನು ಯಂತ್ರದ ಸೂಜಿಯಡಿಯಲ್ಲೇ ಬಿಟ್ಟು, ಮೊಮ್ಮಗಳಿಗೆಂದು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಹೊಲಿದಿಟ್ಟ ಹೊದಿಕೆಯನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದಳು. ಅಷ್ಟು ಸಂತೋಷದಲ್ಲೂ ಒಂದು ಮುಳ್ಳು. ಬೀಗರ ಪಕ್ಕ ಕೂತು ಅಷ್ಟು ದೂರ ಹೋಗಬೇಕಲ್ಲ!

ಬೀಗರೆಂದರೆ ಅಳಿಯನ ತಂದೆ, ಕೇಕಿನಂಗಡಿಯ ಯಜಮಾನರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮೀಸೆ. ಮದುವೆಯ ದಿನ ನೆಂಟರೆದುರು ಅವರು ಆಡಿದ ಒಂದು ಮಾತು ದರ್ಜಿಯಮ್ಮನ ಎದೆಗೆ ನಾಟಿತ್ತು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಎದುರಾದರೆ "ಆರಾಮಾ?", "ಹೂಂ, ಆರಾಮ." ಮುಂದೆ ಮಾತಿಲ್ಲ.

ಕಾರು ಬಂತು. ಬರುವುದಕ್ಕೆ ಮೊದಲೇ ಅದರ ಸದ್ದು ಬಂತು. ಟರ್ರ್ರ್... ಟಕಟಕಟಕ... ಡಬ್ಬಿಯೊಳಗೆ ಗೋಲಿ ಹಾಕಿ ಕುಲುಕಿದಂತೆ.

"ಇದೇನಿದು ಬೀಗ್ರೇ, ಕಾರೊಳಗೆ ಜಲ್ಲಿ ಅರೀತಿದೀರಾ?"

"ಏಸಿ ಹಾಕಿದ್ರೆ ಹೀಗೆ," ಎಂದರು ಬೀಗರು ಮುಖ ತಿರುಗಿಸದೆ. "ಹೋದ ವಾರದಿಂದ ಶುರುವಾಗಿದೆ. ಕಂಪ್ರೆಸರ್ ಕೈಕೊಟ್ಟಿರ್ಬೇಕು. ಆಫ್ ಮಾಡಿ ಕಿಟಕಿ ತೆಗೆದು ಹೋಗೋಣ."

"ಈ ಬಿಸಿಲಲ್ಲಿ, ಈ ಧೂಳಲ್ಲಿ, ಹಸುಗೂಸನ್ನಾ? ಮೊದ್ಲು ಪಕ್ಕಕ್ಕೆ ನಿಲ್ಲಿಸಿ."

ಬೀಗರು ಗೊಣಗುತ್ತಾ ಕಾರನ್ನು ಮನೆಯ ನೆರಳಿಗೆ ಒತ್ತಿ ನಿಲ್ಲಿಸಿದರು. ದರ್ಜಿಯಮ್ಮ ಒಳಗೆ ಕೂತು ಕಿವಿಗೊಟ್ಟಳು. ಹೊಲಿಗೆ ಯಂತ್ರ ಕಿರುಗುಟ್ಟಿದರೆ ಸೂಜಿಯ ದೋಷವೋ ಬಾಬಿನ್‌ದೋ ಎಂದು ಕಿವಿಯಲ್ಲೇ ಹಿಡಿಯುವವಳು ಅವಳು. ಆದರೆ ಕಾರು ಅವಳಿಗೆ ಹೊಸದು.

"ಏಸಿ ಗುಂಡಿ ಆರಿಸಿ, ಫ್ಯಾನು ಮಾತ್ರ ಇರ್ಲಿ."

ಬೀಗರು ಗುಂಡಿ ಒತ್ತಿದರು. ಟಕಟಕ ನಿಲ್ಲಲಿಲ್ಲ. ಅವರ ಹುಬ್ಬು ಮೇಲೇರಿತು. "ಅರೆ! ಹಾಗಾದ್ರೆ ಕಂಪ್ರೆಸರ್ ಅಲ್ಲ. ಗುಂಡಿ ಆರಿಸಿದ್ರೆ ಅದು ತಿರುಗೋದೇ ಇಲ್ಲ. ಇಷ್ಟು ಹೊತ್ತು ತಣ್ಣಗಿನ ಗಾಳಿನೂ ಚೆನ್ನಾಗೇ ಬರ್ತಿತ್ತು, ನೋಡಿ."

"ಈಗ ಫ್ಯಾನು ಜೋರು ಮಾಡಿ."

ಫ್ಯಾನು ಜೋರಾದಂತೆ ಟಕಟಕವೂ ಓಟಕ್ಕೆ ಬಿತ್ತು. ತಗ್ಗಿಸಿದರೆ ಅದೂ ಕುಂಟುತ್ತಾ ನಡೆಯಿತು. ಇಬ್ಬರೂ ಒಂದೇ ಉಸಿರಿಗೆ ಹೇಳಿದರು: "ಫ್ಯಾನೇ!"

ಹೇಳಿಬಿಟ್ಟ ಮೇಲೆ ಇಬ್ಬರಿಗೂ ಮುಜುಗರವಾಯಿತು. ಬೀಗರು ಗಂಟಲು ಸರಿಮಾಡಿಕೊಂಡು, ಕೀಲಿ ತೆಗೆದು ಜೇಬಿಗಿಳಿಸಿ, ಮುಂದಿನ ಸೀಟಿನೆದುರಿನ ಖಾನೆಯನ್ನು ಬಿಚ್ಚಿದರು. ಅದರ ಹಿಂದೆ ಗಾಳಿ ಸೋಸುವ ಫಿಲ್ಟರು. ಮುಚ್ಚಳ ಯಾವತ್ತೋ ಮುರಿದು, ಫಿಲ್ಟರು ಸೊಟ್ಟಗಾಗಿ ಒಂದು ಬದಿಗೆ ಸಂದು ಬಿಟ್ಟಿತ್ತು. ಎಳೆದರೆ ಒಣಗಿದ ಎಲೆ, ಕೂದಲು, ಬೂದಿಯಂಥ ಧೂಳು.

"ಅಯ್ಯೋ ಶಿವನೇ, ಇದನ್ನೇ ಉಸಿರಾಡ್ತಿದ್ರಾ?"

"ಕೇಕಿನ ಕ್ರೀಮು ಕರಗದಿದ್ರೆ ಸಾಕು ಅಂತ ಏಸಿ ಹಾಕ್ತಿದ್ದೆ. ಉಸಿರಿನ ಯೋಚನೆ ಯಾರಿಗಿತ್ತು?"

ದರ್ಜಿಯಮ್ಮನಿಗೆ ನಗು ಬಂತು, ತಡೆದುಕೊಂಡಳು. ಫಿಲ್ಟರನ್ನು ಕೊಡವಿ ಹಾಕಿ ಒಮ್ಮೆ ಚಾಲೂ ಮಾಡಿ ನೋಡಿದರೂ ಸದ್ದು ಕೊಂಚ ತಗ್ಗಿತೇ ಹೊರತು ಹೋಗಲಿಲ್ಲ. ಬೀಗರು ಮತ್ತೆ ಕೀಲಿ ತೆಗೆದರು. ಫ್ಯಾನು ಇನ್ನೂ ಕೆಳಗೆ, ಕಾಲಿಡುವ ಜಾಗದ ಮೇಲ್ಗಡೆ ಇತ್ತು. ಬೀಗರು ಬಗ್ಗಿದರು, ಹೊಟ್ಟೆ ಬಗ್ಗಲಿಲ್ಲ. ಮತ್ತೊಮ್ಮೆ ಬಗ್ಗಿದರು. ಅಂಗಿಯ ಗುಂಡಿಯೊಂದು ಸಿಡಿದು ರಸ್ತೆಗೆ ಹಾರಿತು.

"ಪಕ್ಕಕ್ಕೆ ಸರೀರಿ, ಗುಂಡಿ ಆಮೇಲೆ ಹೊಲಿದುಕೊಡ್ತೀನಿ," ಎಂದು ದರ್ಜಿಯಮ್ಮ ಸೆರಗು ಬಿಗಿದು ಒಳಗೆ ನುಸುಳಿದಳು. ತಲೆ ಡ್ಯಾಶ್‌ಬೋರ್ಡಿನಡಿ, ಬೆನ್ನು ಸೀಟಿನ ಅಂಚಿಗೆ, ಕಾಲೆರಡೂ ಬಾಗಿಲಾಚೆ. ದಾರಿಯಲ್ಲಿ ಹೋಗುತ್ತಿದ್ದ ತರಕಾರಿಯವಳು ಬೆಚ್ಚಿ ನಿಂತಳು. "ಅಯ್ಯೋ, ಯಾರಿಗೇನಾಯ್ತು?"

"ಏನಿಲ್ಲಮ್ಮ," ಎಂದರು ಬೀಗರು ಗಂಭೀರವಾಗಿ. "ನಮ್ಮ ಬೀಗಿತ್ತಿ ಕಾರಿಗೆ ಹೊಲಿಗೆ ಹಾಕ್ತಿದಾರೆ."

ಒಳಗಿಂದ ಕಿಲಕಿಲ ನಗು ಕೇಳಿಸಿತು. ನಗುವಿನ ಭರಕ್ಕೆ ಸ್ಕ್ರೂ ಒಂದು ಕೈಜಾರಿ ಸೀಟಿನಡಿ ಉರುಳಿತು. ಸೂಜಿ ಹೆಕ್ಕುವ ಅಯಸ್ಕಾಂತ ದರ್ಜಿಯಮ್ಮನ ಚೀಲದಲ್ಲಿ ಇದ್ದೇ ಇತ್ತು, ಬೀಗರು ಅದನ್ನು ಆಡಿಸಿ ಸ್ಕ್ರೂ ಹಿಡಿದರು. ವೈರು ಕಳಚಿ, ಮೋಟಾರಿನ ಸಮೇತ ಫ್ಯಾನು ಅವಳ ಕೈಗೆ ಬಂತು. ಡಬ್ಬಿಯಂತೆ ದುಂಡಗೆ, ಸುತ್ತಲೂ ತೆಳ್ಳನೆಯ ಎಸಳು. ಕೊಡವಿದಾಗ ಎಲೆಗಳ ಜೊತೆ ಬೆಳ್ಳಗಿನದೊಂದು ಅಂಗೈಗೆ ಬಿತ್ತು.

ಪ್ಲಾಸ್ಟಿಕ್ಕಿನ ಹಂಸ. ಕೊಕ್ಕು ಸವೆದಿತ್ತು.

ಇಬ್ಬರೂ ಅದನ್ನೇ ನೋಡಿದರು. ಮದುವೆಯ ದಿನ ಬೀಗರು ತಾವೇ ಕೈಯಾರೆ ಮಾಡಿದ ಮೂರಂತಸ್ತಿನ ಕೇಕಿನ ಮೇಲೆ ಜೋಡಿ ಹಂಸ ನಿಲ್ಲಬೇಕಿತ್ತು. ಕೊನೆಯ ಗಳಿಗೆಯಲ್ಲಿ ಒಂದು ಕಾಣೆ. "ಹೆಣ್ಣಿನ ಕಡೆ ಮಕ್ಕಳಿಗೆ ಕೈ ಸುಮ್ನಿರಲ್ಲ" ಎಂದು ಬೀಗರು ಎಲ್ಲರೆದುರು ಕೂಗಾಡಿದ್ದರು.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ," ಎಂದಳು ದರ್ಜಿಯಮ್ಮ ಮೆಲ್ಲಗೆ.

ಬೀಗರ ಮೀಸೆ ಅದುರಿತು. "ಖಾನೇಲಿ ನಾನೇ ಇಟ್ಟು ಮರೆತಿದ್ದೆ ಅನ್ಸುತ್ತೆ. ಹೋದ ವಾರ ಟಾರ್ಚ್ ಹುಡುಕೋಕೆ ಕೈಯಾಡಿಸಿದಾಗ ಸಂದಿಗೆ ಜಾರಿರ್ಬೇಕು." ಅವಳ ಅಂಗೈಯಿಂದ ಹಂಸವನ್ನು ಎತ್ತಿಕೊಂಡು, "ತಪ್ಪಾಯ್ತು ಬೀಗ್ರೇ. ಅವತ್ತು ಹಾಗನ್ನಬಾರದಿತ್ತು," ಎಂದರು.

ಚುರುಕು ಉತ್ತರವೊಂದನ್ನು ಇಂಥ ಗಳಿಗೆಗೆಂದೇ ಅವಳು ಕೂಡಿಟ್ಟಿದ್ದಳು. ಆದರೆ ಎದುರಿಗಿದ್ದ ದೊಡ್ಡ ಮನುಷ್ಯ ಗುಂಡಿ ಹೋದ ಅಂಗಿಯಲ್ಲಿ, ಮೂಗಿನ ಮೇಲೆ ಮಸಿ ಹಚ್ಚಿಕೊಂಡು, ತಲೆತಗ್ಗಿಸಿ ನಿಂತಿದ್ದರು.

"ಬಿಡಿ. ಬ್ರಶ್ ಕೊಡಿ, ಎಸಳು ಒರೆಸ್ಬೇಕು. ಹೊತ್ತಾಯ್ತು."

ಫ್ಯಾನು ಒರೆಸಿ ಕೂರಿಸಿದರು, ಫಿಲ್ಟರಿನ ಮುಚ್ಚಳದ ಜಾಗಕ್ಕೆ ಕೇಕಿನ ಡಬ್ಬಿಯ ರಟ್ಟು ಕತ್ತರಿಸಿ ಟೇಪು ಸುತ್ತಿದರು. ಬೀಗರು ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದರು. ಸುಯ್ಯೆನ್ನುವ ತಂಗಾಳಿ, ಅಷ್ಟೇ. ಇಬ್ಬರೂ ಮಕ್ಕಳಂತೆ ಚಪ್ಪಾಳೆ ತಟ್ಟಿದರು.

ಆಸ್ಪತ್ರೆಯಿಂದ ಮರಳುವಾಗ ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮೊಮ್ಮಗಳು, ಪಕ್ಕದಲ್ಲಿ ಮಗಳು. ಮಗು ಹೊದಿಕೆಯೊಳಗೆ ಮುಷ್ಟಿ ಬಿಗಿದು ನಿದ್ದೆಹೋಗಿತ್ತು. ಮುಂದೆ, ಪಕ್ಕದಲ್ಲಿ ಅಳಿಯನನ್ನು ಕೂರಿಸಿಕೊಂಡು ಬೀಗರು ಅಂಗಡಿಯ ಓವನ್ನಿನ ಕಥೆ ಹೇಳುತ್ತಿದ್ದರು, ದರ್ಜಿಯಮ್ಮ ಮಾತಿಗೆ ಮಾತು ಸೇರಿಸುತ್ತಿದ್ದಳು. ಮಗಳು, ಅಳಿಯ ಕನ್ನಡಿಯಲ್ಲೇ ಒಬ್ಬರನ್ನೊಬ್ಬರು ನೋಡಿ ಕಣ್ಣರಳಿಸಿದರು.

ಮನೆ ಬಂತು. ಕಾರು ನಿಂತಿದ್ದೇ ತಡ, ಮಗು ಎಚ್ಚರಗೊಂಡು ಅಳಲು ತುಟಿ ಸೊಟ್ಟ ಮಾಡಿತು.

"ಹೊರಡಿ, ಹೊರಡಿ! ಕಾರು ಓಡ್ತಿದ್ರೇನೇ ಇದಕ್ಕೆ ನಿದ್ದೆ!" ಎಂದಳು ದರ್ಜಿಯಮ್ಮ.

"ಇನ್ನೊಂದು ಸುತ್ತು ತಾನೇ? ಅದಕ್ಕೇನಂತೆ!" ಎಂದು ಬೀಗರು ಗೇರು ಹಾಕಿದರು. ಕಾರು ಮನೆಯ ಬಾಗಿಲು ದಾಟಿ ಮತ್ತೆ ಬೀದಿಯ ತಿರುವಿನತ್ತ ಹೊರಟಿತು.