ಎಲ್ಲರೂ ಓದಿದ್ದ ಕಾದಂಬರಿ

ಅಮೆರಿಕದ ಸರೋವರ ದಂಡೆಯ ಡುಲೂತ್ ಊರಿನ ನಮ್ಮ ಓದುಗರ ಕೂಟದಲ್ಲಿ ನಾವು ಆರು ಜನ ಹೆಂಗಸರು. ನಿಯಮಗಳನ್ನು ಮಾಡಿದವಳು ನಾನು, ಮಾರ್ಲಿಸ್. ಪುಸ್ತಕ ಓದದೆ ಬಂದವಳು ಕುರ್ಚಿ ಬಿಟ್ಟುಕೊಡಬೇಕು. ಧ್ವನಿಮುದ್ರಣ ಕೇಳಿದರೆ ಅದು ಓದಿದ ಲೆಕ್ಕಕ್ಕಿಲ್ಲ. ಬರೀ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ ತಿನ್ನಲು ಬರುವವರಿಗೆ ಊರಲ್ಲಿ ಬೇರೆ ಜಾಗಗಳಿವೆ.

ಪ್ರತಿ ಜನವರಿಯಲ್ಲಿ ಒಬ್ಬೊಬ್ಬಳೂ ಮರೆಯಲಾಗದ ಕಾದಂಬರಿಯೊಂದನ್ನು ಶಿಫಾರಸು ಮಾಡುತ್ತಾಳೆ. ಓದಿ ಮೆಚ್ಚಿದವರು ಕೈ ಎತ್ತುತ್ತಾರೆ. ಹೆಚ್ಚು ಕೈ ಎದ್ದದ್ದು ಫೆಬ್ರವರಿಯ ಪುಸ್ತಕ. ಈ ಸಲ ಆರ್ಡಿಸ್ ‘ಕೊನೆಯ ಹಡಗಿನ ಅಡುಗೆಯವಳು’ ಎಂದಳು. ನವೆಂಬರ್ ಬಿರುಗಾಳಿ, ಅದಿರು ತುಂಬಿದ ಹಡಗು, ಅಡುಗೆಯವಳು ಟಿಲ್ಡಾ, ಅವಳು ಹಿಟ್ಟಿನ ಪೀಪಾಯಿಯಲ್ಲಿ ಬಚ್ಚಿಟ್ಟ ಹಸುಗೂಸು. ಆರ್ಡಿಸ್ ಹೇಳಿದ ಚೆಂದಕ್ಕೆ ನಮ್ಮ ಕಾಫಿ ಆರಿಹೋಯಿತು.

"ಬರೆದವರು ಯಾರೇ?" ಎಂದೆ.

"ನಾಲಿಗೆ ತುದೀಲಿದೆ, ಬರ್ತಿಲ್ಲ ಕಣೆ."

"ಅಯ್ಯೋ, ಆ ಕೊನೇ ಅಧ್ಯಾಯ! ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೆ" ಎಂದು ಕಾರ್ಲಿಸ್ ಕೈ ಎತ್ತಿದಳು. ಉಳಿದವರೂ ಎತ್ತಿದರು. ಎಲ್ಲರೂ ಓದಿರುವಾಗ ನಾನೊಬ್ಬಳು ಹಿಂದೆ ಬೀಳುವುದೇ? ನಾನೂ ಎತ್ತಿದೆ. "ಐದಕ್ಕೆ ಐದು!" ಎಂದು ಸಾರಿದೆ.

ಪ್ರತಿಗಳನ್ನು ತರುವ ಕೆಲಸ ನನ್ನದು. ಗ್ರಂಥಾಲಯದಲ್ಲಿ ಇರಲಿಲ್ಲ. ಹಳೆಯ ಪುಸ್ತಕದಂಗಡಿಯವನು ಗಂಟೆಗಟ್ಟಲೆ ಹುಡುಕಿ, "ಅಮ್ಮಾ, ಇಂಥದ್ದೊಂದು ಪುಸ್ತಕ ಎಲ್ಲೂ ಅಚ್ಚೇ ಆಗಿಲ್ಲ" ಎಂದ. ಮೊದಲು ನೆನಪಾದದ್ದು ಆರ್ಡಿಸ್ ಹೇಳಿದ ಸುಳ್ಳಲ್ಲ, ಮೇಲೆದ್ದ ನನ್ನದೇ ಕೈ. ಆ ಸಿಟ್ಟನ್ನೂ ಅವಳ ಲೆಕ್ಕಕ್ಕೇ ಬರೆದೆ.

ಫೆಬ್ರವರಿಯಲ್ಲಿ ಕಾರ್ಲಿಸ್ ಮನೆಯಲ್ಲಿ ಸೇರಿದಾಗ, ಎಲ್ಲರೂ ಕೂತ ಕೂಡಲೇ ಕೇಳಿದೆ.

"ಆರ್ಡಿಸ್, ನೀನು ಹೇಳಿದ ಪುಸ್ತಕ ಈ ಭೂಮಿ ಮೇಲೇ ಇಲ್ವಂತಲ್ಲೇ! ನಮ್ಮನ್ನೇನು ಕುರಿ ಅನ್ಕೊಂಡ್ಯಾ? ಎದ್ದೇಳು, ಕುರ್ಚಿ ಬಿಡು."

ಆರ್ಡಿಸ್ ಕೈಯಲ್ಲಿದ್ದ ನಿಂಬೆ ಸಿಹಿಯನ್ನು ತಟ್ಟೆಗಿಡಲು ಹೋದಳು. ಅದು ತಟ್ಟೆಯ ಪಕ್ಕದಲ್ಲಿ, ಬಿಳಿ ಮೇಜುಬಟ್ಟೆಯ ಮೇಲೆ ಕೂತಿತು. ಅವಳಿಗೆ ಗೊತ್ತೇ ಆಗಲಿಲ್ಲ.

"ಹೋದ ಚಳಿಗಾಲದಿಂದ ನಂಗೆ ಒಂದಕ್ಷರ ಕಾಣಿಸ್ತಿಲ್ಲ ಕಣೆ" ಎಂದಳು. "ನಿನ್ನ ಮುಖ ಇರೋ ಕಡೆ ಬೂದಿ ಬಣ್ಣದ ಮಚ್ಚೆ ಇದೆ. ನಿಮ್ಮ ಪುಸ್ತಕಗಳನ್ನೆಲ್ಲ ಕದ್ದು ಕಿವೀಲಿ ಕೇಳ್ಕೊಂಡು ಬರ್ತಿದ್ದೆ. ಹೇಳಿದ್ರೆ ನಿನ್ನ ನಿಯಮ ಕುರ್ಚಿ ಕಿತ್ಕೊಳ್ಳುತ್ತೆ. ವಾರವೆಲ್ಲ ನಾನು ಕಾಯೋದು ಈ ಕುರ್ಚಿಗೇ."

ಒಂದಿಡೀ ವರ್ಷ ಅವಳೆದುರೇ ಕೂತಿದ್ದೆ, ನೋಡಿರಲಿಲ್ಲ.

"ಟಿಲ್ಡಾ ಕಥೆ ನಿದ್ದೆ ಬರದಾಗ ನಾನೇ ಕಟ್ಟಿದ್ದು. ‘ಇಂಥ ಪುಸ್ತಕ ನಾವ್ಯಾರೂ ಓದಿಲ್ಲ’ ಅಂತೀರ, ಆಗ ನಿಜ ಹೇಳಿಬಿಡೋಣ ಅಂತಿದ್ದೆ. ಎಷ್ಟು ಕೈ ಎದ್ವೋ ನಂಗೇನು ಕಾಣುತ್ತೆ? ಐದಕ್ಕೆ ಐದು ಅಂತ ಕೂಗಿದವಳು ನೀನು."

ಆಮೇಲೆ ಕಾರ್ಲಿಸ್ ಕಡೆ ತಿರುಗಿದಳು. ತಿರುಗಿದ್ದು ಸ್ವಲ್ಪ ತಪ್ಪಿ, ಕಿಟಕಿಯ ಕಡೆಗಾಯಿತು.

"ಕಾರ್ಲಿಸ್, ಕೊನೇ ಅಧ್ಯಾಯದಲ್ಲಿ ಯಾಕಮ್ಮಾ ಅತ್ತೆ? ಅದನ್ನ ನಾನಿನ್ನೂ ಕಟ್ಟೇ ಇಲ್ಲ."

ಕಾರ್ಲಿಸ್ ಕೆಂಪಾದಳು. ನನ್ನ ನಿಯಮದ ಪ್ರಕಾರ ಆ ಕೋಣೆಯಲ್ಲಿ ಎದ್ದು ಹೋಗಬೇಕಾದವರು ನಾವು ಐವರು. ಯಾರೂ ಏಳಲಿಲ್ಲ. ನಾನು ಆರ್ಡಿಸ್ ಪಕ್ಕಕ್ಕೆ ಹೋಗಿ ಕೂತು, ಮೇಜುಬಟ್ಟೆಯ ಮೇಲಿದ್ದ ಸಿಹಿಯನ್ನು ಅವಳ ಅಂಗೈಗಿಟ್ಟೆ.

"ಮೊದಲು ಅದನ್ನ ಹೇಳೇ" ಎಂದೆ. "ಆ ಮಗು ಬದುಕುತ್ತಾ?"