ಕತ್ತಿನ ಗುಂಡಿ

ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದ್ದು, ಅವನು ಹಗೆಯೆಂದು ಎಣಿಸಿದ್ದ ಮನುಷ್ಯ. ಬೆಳಿಗ್ಗೆ ನನ್ನ ಹೊಲಿಗೆ ಅಂಗಡಿಯಲ್ಲಿ ಕೋಟಿನ ಬಟ್ಟೆ ಕತ್ತರಿಸುತ್ತಿದ್ದೆ. ಫೋನು ಬಂತು.

"ಅಕ್ಕಾವ್ರೇ, ನಾನು ಇಸ್ತ್ರಿ. ಸ್ಟುಡಿಯೋದಲ್ಲಿ ಅವರಿಗೆ ಬಟ್ಟೆ ತೊಡಿಸ್ತಿದ್ದೆನಲ್ಲ, ಅವನು. ಅವರು ನಮ್ಮನೇಲಿದಾರೆ. ಬೇಗ ಬನ್ನಿ."

ಧ್ವನಿಯಲ್ಲೇ ಅರ್ಥವಾಯಿತು. "ಇದಾನಾ?" ಎಂದೆ.

"ಇಲ್ಲ ಅಕ್ಕಾವ್ರೇ. ಡಾಕ್ಟರು ಬಂದು ನೋಡಿದ್ರು. ಹೃದಯ ನಿಂತಿದೆ ಅಂದ್ರು."

ಅಳುವಿಗಿಂತ ಮೊದಲು ಭಯ ಬಂತು. ನೂಲು ತರುತ್ತೇನೆಂದು ಹೊರಟವನು ಆ ಮನೆಗೆ ಯಾಕೆ ಹೋದ? ಜಗಳಕ್ಕೆ ಹೋದನೇ? ಹಗೆ ಹೊತ್ತುಕೊಂಡೇ ಕಣ್ಣು ಮುಚ್ಚಿದನೇ?

ತಮ್ಮ ಟಿವಿಯಲ್ಲಿ ಒಂದು ಕಾರ್ಯಕ್ರಮ ನಡೆಸಿಕೊಡುತ್ತಿದ್ದ. ವಯಸ್ಸಾದವರನ್ನು ವೇದಿಕೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕಷ್ಟಸುಖ ಕೇಳುತ್ತಿದ್ದ. ಜನ ಅವನನ್ನು ಪ್ರೀತಿಯಿಂದ 'ಮನೆಮಗ' ಎಂದರು. ಆತನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದವನ ಕೈಯಲ್ಲಿ ಸದಾ ಇಸ್ತ್ರಿಪೆಟ್ಟಿಗೆ ಇರುತ್ತಿದ್ದುದರಿಂದ ಸ್ಟುಡಿಯೋದವರು ಅವನಿಗೆ ಆ ಹೆಸರನ್ನೇ ಇಟ್ಟುಬಿಟ್ಟಿದ್ದರು. ಅಂಗಿಗೆ ಗುಂಡಿ ಹಾಕುವುದು, ಕಾಲರಿಗೆ ಮೈಕು ಸಿಕ್ಕಿಸುವುದು, ವಿರಾಮ ಬಂದಾಗ ಸೊಂಟದ ಹಿಂದಿನ ಪುಟ್ಟ ಡಬ್ಬಿಯಲ್ಲಿ ಅದನ್ನು ಆರಿಸುವುದು, ಎಲ್ಲವೂ ಇಸ್ತ್ರಿಯ ಕೆಲಸ. ತಮ್ಮ ತನ್ನ ಕತ್ತಿನ ಗುಂಡಿಯನ್ನೂ ತಾನು ಹಾಕಿಕೊಂಡವನಲ್ಲ. ಇಸ್ತ್ರಿಯ ಎರಡು ಕೈಗಳ ಮೇಲೂ ತೊನ್ನಿನ ಬಿಳಿ ಮಚ್ಚೆಗಳಿದ್ದವು.

ಒಂದು ದಿನ ಊಟದ ವಿರಾಮದಲ್ಲಿ ತಮ್ಮ ಒಳಕೋಣೆಯಲ್ಲಿ ಕೂತು ನಿರ್ಮಾಪಕನೊಡನೆ ಹರಟಿದ. "ಹೊರಗೆ ನೋಡು, ಮುದಿ ಕುರಿ ಹಿಂಡು. ಪಕ್ಕದಲ್ಲಿ ಕೂತ್ರೆ ಬಾಯಿ ವಾಸನೆ. ಒಳಗೆ ಬಂದ್ರೆ ಇಸ್ತ್ರಿಯ ತೊನ್ನಿನ ಕೈ. ಮುಟ್ಟಿದ್ರೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗತ್ತೆ."

ಮೈಕು ಆರಿರಲಿಲ್ಲ. ಧ್ವನಿ ನೋಡಿಕೊಳ್ಳುವವನು ಇಸ್ತ್ರಿ ಆರಿಸಿರುತ್ತಾನೆಂದು ನಂಬಿ ಚಹಾಕ್ಕೆ ಹೋಗಿದ್ದ. ಮಾತೆಲ್ಲ ಸಭಾಂಗಣದ ಸ್ಪೀಕರುಗಳಲ್ಲಿ ಕೇಳಿಸಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಎದ್ದು ಹೋದರಂತೆ. ಯಾರೋ ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ಕೇಳದ ಮನೆಯಿಲ್ಲ.

ಕಾರ್ಯಕ್ರಮ ನಿಂತಿತು. ಬೀದಿಯ ಫಲಕಗಳಿಂದ ಅವನ ಮುಖ ಇಳಿಯಿತು. ಜೊತೆಗೆ ಕೂತು ನಕ್ಕಿದ್ದ ನಿರ್ಮಾಪಕನೇ ಮೊದಲು ಕೈತೊಳೆದುಕೊಂಡ. ತಮ್ಮ ನನ್ನ ಅಂಗಡಿಯ ಮಹಡಿಯ ಕೋಣೆಗೆ ಬಂದ. ಸುಮ್ಮನೆ ಕೂತಿರಲಾರದೆ ಗುಂಡಿ ಹೊಲಿಯಲು ಕಲಿತ. ಬಟ್ಟೆಗಿಂತ ಬೆರಳಿಗೇ ಹೆಚ್ಚು ಸೂಜಿ ಹಾಕಿಕೊಳ್ಳುತ್ತಿದ್ದ.

"ಅಕ್ಕ, ಅವನು ಬೇಕಂತಲೇ ಮೈಕ್ ಆರಿಸ್ಲಿಲ್ಲ ಕಣೇ."

"ಆಡಿದ್ದು ಯಾರೋ? ಅವನಾ?"

"ಆಡಿದ್ದು ನಾನೇ. ಅದಕ್ಕೆ ಅನುಭವಿಸ್ತಿದೀನಿ. ಆದ್ರೆ ಮೈ ಮುಟ್ಟಿ ಬಟ್ಟೆ ತೊಡಿಸ್ತಿದ್ದವನೇ ಕತ್ತು ಕುಯ್ದ ಅಲ್ವಾ?"

ವರ್ಷಗಳು ಕಳೆದರೂ ಈ ಮಾತು ಸವೆಯಲಿಲ್ಲ. ಅವನ ಹೆಸರು ಮರಳಿ ಬರಲೆಂದು ನಾನು ಎಂದೂ ಬೇಡಲಿಲ್ಲ. ದೇವರೇ, ಈ ಹಗೆಯೊಂದು ಅವನ ಸಂಗಡ ಹೋಗದಿರಲಿ ಎಂದಷ್ಟೇ ದಿನವೂ ಬೇಡಿಕೊಳ್ಳುತ್ತಿದ್ದೆ.

ತೊಡಿಸಲು ಬಿಳಿ ಅಂಗಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಇಸ್ತ್ರಿಯ ಮನೆ ಕಿರಿದಾದ ಮೆಟ್ಟಿಲಿನ ಮೇಲಿತ್ತು. ಮೇಜಿನ ಮೇಲೆ ಅರ್ಧ ಇಸ್ತ್ರಿಯಾದ ಬಟ್ಟೆಗಳು. ಗೋಡೆಯ ಪಕ್ಕದ ಮಂಚದಲ್ಲಿ ತಮ್ಮ ಮಲಗಿದ್ದ. ಹಣೆಯಲ್ಲಿ ಗಂಟಿರಲಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ.

"ಜಗಳ ಆಯ್ತಾ?" ಎಂದು ಕೇಳಿದೆ.

"ಬಾಗಿಲಲ್ಲಿ ನೋಡಿದಾಗ ಹೊಡಿಯೋಕೇ ಬಂದ್ರು ಅಂದ್ಕೊಂಡೆ," ಎಂದ ಇಸ್ತ್ರಿ.

"ಅದಕ್ಕೇ ನನ್ನನ್ನ ಮುಂದೆ ಬಿಟ್ಟು ಹಿಂದೆ ನಿಂತ್ರು," ಎಂದಳು ಅವನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತಲೇ.

"ನೀನು ಸುಮ್ನಿರೇ. ಅಕ್ಕಾವ್ರೇ, ಒಳಗೆ ಬಂದು ಕುರ್ಚಿ ತುದೀಲಿ ಕೂತ್ರು. 'ಒಂದೇ ಮಾತು ಕೇಳ್ತೀನಿ, ನಿಜ ಹೇಳು. ಅವತ್ತು ಬೇಕಂತಲೇ ಬಿಟ್ಯಾ?' ಅಂದ್ರು. 'ಸಾರ್, ನೀವು ನನ್ನನ್ನ ಒಳಗೇ ಬಿಡ್ಲಿಲ್ವಲ್ಲ' ಅಂದೆ. 'ಊಟದ ಹೊತ್ತಲ್ಲಿ ಆ ಕೈ ತೋರಿಸ್ಬೇಡ, ಹೊರಗೇ ಸಾಯಿ ಅಂತ ಬಾಗಿಲು ಹಾಕ್ಕೊಂಡ್ರಿ. ನಾನು ತಟ್ಟಿ, ಸಾರ್ ಮೈಕು, ಅಂದೆ. ತೊಲಗೋ ಅಂದ್ರಿ.'"

"ಅವನಿಗೆ ಅದು ನೆನಪಿರಲಿಲ್ವಾ?"

"ಹೇಗಿರತ್ತೆ? ದಿನಾ ಅಂತಿದ್ದ ಮಾತಲ್ವಾ."

ನಾನು ತಲೆ ತಗ್ಗಿಸಿದೆ.

"ನನ್ನ ಕೈಗಳನ್ನೇ ನೋಡಿದ್ರು ಅಕ್ಕಾವ್ರೇ. ಆಮೇಲೆ ನಕ್ರು. 'ಹಾಗಾದ್ರೆ ನೀನಲ್ಲ, ನಾನೇ. ಸದ್ಯ!' ಅಂದ್ರು. 'ಸದ್ಯ ಕಣೋ. ಯಾರೂ ನನಗೆ ಮೋಸ ಮಾಡ್ಲಿಲ್ಲ. ನಿನ್ನ ಸುಮ್ಮಸುಮ್ನೆ ಶಪಿಸ್ದೆ' ಅಂತ ನನ್ನ ಎರಡೂ ಕೈ ಹಿಡ್ಕೊಂಡ್ರು."

"ನೀವು ಕ್ಷಮಿಸಿದ್ರಾ ಅವನನ್ನ?"

ಇಸ್ತ್ರಿ ಮಂಚದ ಕಡೆ ನೋಡಿದ. "ಹೆಣದ ಮುಂದೆ ಸುಳ್ಳು ಹೇಳಲ್ಲ. ಆ ಮಾತು ಇನ್ನೂ ಚುಚ್ಚತ್ತೆ. ನನ್ನ ಮಗಳ ಮುಂದೆ ಶಾಲೇಲಿ ಮಕ್ಕಳು ಅದನ್ನೇ ಆಡಿ ನಗ್ತಿದ್ರು. ಸಾರ್‌ಗೂ ಹಾಗೇ ಹೇಳ್ದೆ. 'ಚುಚ್ಚಲೇಬೇಕು, ಮರೀಬೇಡ' ಅಂದ್ರು. ಆಮೇಲೆ ಚಹಾ ಕೇಳಿದ್ರು. ಇವಳು ಲೋಟ ತರೋಷ್ಟರಲ್ಲಿ ಗೋಡೆಗೆ ಒರಗಿದ್ರು, ಅಷ್ಟೇ."

ಎದೆಯ ಮೇಲಿಂದ ಯಾರೋ ಬಂಡೆ ಇಳಿಸಿದಂತಾಯಿತು. ಒಡಹುಟ್ಟಿದವನ ದೇಹದ ಮುಂದೆ ಕೂತು ಇಂಥ ಹಗುರ ಬರಬಹುದೆಂದು ನಾನು ತಿಳಿದಿರಲಿಲ್ಲ. ಆಗ ಅಳು ಬಂತು. ಅತ್ತುಬಿಟ್ಟೆ.

ಮೈ ಒರೆಸಿ ಅಂಗಿ ತೊಡಿಸಿದೆವು. ಜೀವನವೆಲ್ಲ ಹೊಲಿಗೆ ಮಾಡಿದ ನನ್ನ ಬೆರಳುಗಳು ಅಂದು ಮಾತು ಕೇಳಲಿಲ್ಲ. ಕತ್ತಿನ ಗುಂಡಿ ತೂತಿಗೆ ಸೇರದು.

"ನಾನು ಹಾಕ್ಲಾ?" ಎಂದ ಇಸ್ತ್ರಿ. ಎಂದವನು ತನ್ನ ಕೈಗಳನ್ನೊಮ್ಮೆ ನೋಡಿಕೊಂಡ.

"ಹಾಕಿ. ಅವನಿಗೆ ಅಭ್ಯಾಸ ಇರೋದು ನಿಮ್ಮ ಕೈಯೇ."

ಆತ ಬಗ್ಗಿದ. "ಸ್ವಲ್ಪ ಕತ್ತು ಎತ್ತಿ ಸಾರ್," ಎಂದು ಬಾಯಿತಪ್ಪಿ ಅಂದುಬಿಟ್ಟ. ಆಮೇಲೆ ತಾನೇ ಎತ್ತಿ ಗುಂಡಿ ಹಾಕಿದ.

"ಇದನ್ನ ಯಾರು ಹೊಲಿದಿದ್ದು? ಇಷ್ಟು ಸೊಟ್ಟಗಿದೆ."

"ಅವನೇ."

"ಅದೇ ಅಂದ್ಕೊಂಡೆ. ಆದ್ರೆ ಗಟ್ಟಿಯಾಗಿದೆ ಬಿಡಿ."

ಮೂವರೂ ಅಳುತ್ತಲೇ ನಕ್ಕೆವು.

ಆ ಸಂಜೆ ಟಿವಿಯವರು ಅವನ ಸಾವಿನ ಸುದ್ದಿಯ ಜೊತೆ ಹಳೆಯ ಮಾತುಗಳನ್ನೂ ಕೇಳಿಸಿದರು. ನಾನು ಬೇಸರಪಡಲಿಲ್ಲ. ಆಡಿದ್ದು ಹೌದು. ಅವನು ಕೊನೆಗೆ ಆಡಿದ ಮಾತು ಅವರಿಗೆ ಸಿಕ್ಕಿರಲಿಲ್ಲ. ಅದು ನನ್ನ ಬಳಿ ಇತ್ತು. ಮಹಡಿಯ ಕೋಣೆಗೆ ಹೋಗಿ ಮಂಡಿಯೂರಿ ಕೈಮುಗಿದೆ.

ಕರುಣಾಳುವೇ, ಅವನ ನಾಲಗೆಯಿಂದ ನೊಂದವರ ಉರಿಯನ್ನು ಮೊದಲು ಆರಿಸು. ಆ ಅಜ್ಜಿಯನ್ನು, ಇಸ್ತ್ರಿಯ ಮನೆಯವರನ್ನು, ಅವರ ಮಗಳನ್ನು ತಂಪಾಗಿಡು. ಆಮೇಲೆ ನನ್ನ ತಮ್ಮನ ಕಡೆ ತಿರುಗು. ಬರಿಗೈಯಲ್ಲಿ ಬಂದಿದ್ದಾನೆ. ಹಗೆಯನ್ನು ಕೂಡ ಇಲ್ಲಿಯೇ ಇಳಿಸಿ ಬಂದಿದ್ದಾನೆ. ಅವನ ಜೀವಕ್ಕೆ ಶಾಂತಿ ಕೊಡು.